ಸಣ್ಯಾನನ್ನು ಒಪ್ಪಿಸಿ ಬಂದದ್ದು

ಇಂಗ್ಲೆಂಡಿಗೆ ಹೋಗಿಬಂದೆ ಎಂದರೆ ಮಸ್ಕಿಯಲ್ಲಿ ಎಲ್ಲರೂ ಮೊದಲು ಕೇಳುವುದು ರಾಣಿಯ ಅರಮನೆಯ ವಿಷಯ. ನಾನು ಅರಮನೆ ನೋಡಲಿಲ್ಲ. ಲಂಡನ್ ಕಂಡದ್ದು ವಿಮಾನದ ಕಿಟಕಿಯಿಂದ, ಮೋಡದ ಸಂದಿಯಲ್ಲಿ. ಒಂದು ಬೇಸಿಗೆ ಪೂರ್ತಿ ಆ ದೇಶದಲ್ಲಿದ್ದು ನಾನು ಮಾಡಿದ್ದೆಂದರೆ, ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು, ಕಚ್ಚುವ ಪ್ರಾಣಿಯೊಂದಕ್ಕೆ ಕಚ್ಚದಿರುವುದನ್ನು ಕಲಿಸಿದ್ದು. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ನಾನು ಹೋದ ಕಾರಣ ತಿಳಿದ ಮೇಲೆ ಅವರೇ ಸುಮ್ಮನಾಗುತ್ತಾರೆ.

ಮಸ್ಕಿ

ನನ್ನ ತಂಗಿ ನೀಲಾ ನರ್ಸು. ಅವಳ ಗಂಡ ವೀರಭದ್ರಪ್ಪ ಲಿಂಗಸುಗೂರಿನವರು. ಎಂಬತ್ತರ ದಶಕದ ಮೊದಲಿನಲ್ಲೇ ಇಬ್ಬರೂ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿಗೆ ಹೋಗಿ ನೆಲೆಸಿದ್ದರು. ಒಂದೇ ಆಸ್ಪತ್ರೆ, ಅವಳು ವಾರ್ಡಿನಲ್ಲಿ, ಅವರು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಮಕ್ಕಳಾಗಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರ ಕಿರಾಣಿ ಅಂಗಡಿಯ ಎದುರಿಗೆ ಎಸ್‌ಟಿಡಿ ಬೂತು ಹೊಸದಾಗಿ ಬಂದಿತ್ತು. ಒಂದು ದಿನ ಬೂತಿನ ಮಹಿಬೂಬಣ್ಣ ಶಾಲೆಗೇ ಬಂದು, "ಟೀಚರ್ರ, ಲಗೂನ ಬರ್ರಿ, ಫಾರಿನ್ನಿಂದ ಫೋನ್ ಬಂದೈತಿ" ಎಂದ. ನಾನು ಕನ್ನಡ ಪಾಠ ಅರ್ಧಕ್ಕೆ ನಿಲ್ಲಿಸಿ ಓಡಿದೆ.

"ಅಕ್ಕಾ, ಅವರು ಹೋದ್ರು" ಎಂದಳು ನೀಲಾ.

"ಎಲ್ಲಿಗೆ?" ಎಂದು ಕೇಳಿದೆ. ನಿಜವಾಗಿ ತಿಳಿಯದೆ ಕೇಳಿದೆ. ಆ ಕಡೆಯಿಂದ ಉತ್ತರ ಬರದಿದ್ದಾಗ ತಿಳಿಯಿತು.

ಲ್ಯಾಬಿನಲ್ಲಿ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತವರು ಏಳಲಿಲ್ಲವಂತೆ. ಐವತ್ತು ಕೂಡ ಆಗಿರಲಿಲ್ಲ. ನನ್ನ ಪಾಸ್‌ಪೋರ್ಟು, ವೀಸಾ ಎಂದು ಓಡಾಡಿ ಎಲ್ಲ ಕೈಗೆ ಬರುವಷ್ಟರಲ್ಲಿ ಅವರನ್ನು ಮಣ್ಣು ಮಾಡಿ ತಿಂಗಳುಗಳೇ ಕಳೆದಿದ್ದವು. ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದು ಒಂದೇ: ನೀಲಾಳನ್ನು ಕರೆತರಬೇಕು. "ಕರಕೊಂಡೇ ಬಾ. ಆ ಥಂಡ್ಯಾಗ ಒಬ್ಬಾಕಿ ಇದ್ದು ಏನ್ ಮಾಡ್ತಾಳ?" ಎಂದು ನಮ್ಮ ಯಜಮಾನರು ರಾಯಚೂರಿನ ಸ್ಟೇಷನ್ನಿನಲ್ಲಿ ರೈಲು ಹೊರಡುವ ತನಕ ಹೇಳುತ್ತಲೇ ಇದ್ದರು.

ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಒಣಗಿದ ಕಟಕ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಇದ್ದವು. ಅವುಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ. ತೊಂದರೆ ಕೊಟ್ಟದ್ದು ವಿಭೂತಿ. ಗಟ್ಟಿಯಾಗಿ ಕಟ್ಟಿಟ್ಟಿದ್ದ ಉಂಡೆಗಳು ದಾರಿಯಲ್ಲಿ ಪುಡಿಯಾಗಿ, ಹಳೆಯ ಪೇಪರಿನ ಪೊಟ್ಟಣದಿಂದ ಸೋರುತ್ತಿದ್ದವು. ಬಿಳಿ ಪುಡಿ ಕಂಡ ಅಧಿಕಾರಿ ನನ್ನನ್ನು ಒಂದು ಕೋಣೆಗೆ ಕರೆದುಕೊಂಡು ಹೋದ. ನಾನು ಹಣೆ ಮುಟ್ಟಿ ತೋರಿಸಿದೆ, "ಗಾಡ್, ಗಾಡ್" ಎಂದೆ. ಅವನು ಪುಡಿಯನ್ನು ಏನೋ ನೀರಿನಲ್ಲಿ ಹಾಕಿ ನೋಡಿದ. ಬೇರೆ ಯಾರನ್ನೋ ಕರೆಸಿ ತೋರಿಸಿದ. ಕೊನೆಗೆ, ಈ ದೇಶಕ್ಕೆ ಏಕೆ ಬಂದಿರಿ ಎಂದು ಕೇಳಿದ.

"ಸಿಸ್ಟರ್ಸ್ ಹಸ್ಬೆಂಡ್ ಫಿನಿಶ್" ಎಂದೆ. ಸತ್ತರು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದು ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ.

ಅವನು ಮೇಜಿನ ಮೇಲೆ ಚೆಲ್ಲಿದ್ದ ವಿಭೂತಿಯನ್ನೆಲ್ಲ ಒಂದು ಕಾರ್ಡಿನಿಂದ ಒಟ್ಟುಮಾಡಿ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕೈಗೆ ಕೊಟ್ಟು, "ಸಾರಿ ಫಾರ್ ಯುವರ್ ಲಾಸ್" ಎಂದ. ವಿಭೂತಿ ಸ್ವಲ್ಪ ಚೆಲ್ಲಿ ಹೋದದ್ದಕ್ಕೆ ಹೇಳುತ್ತಿದ್ದಾನೆ ಎಂದುಕೊಂಡು ನಾನು, "ನೋ ಪ್ರಾಬ್ಲಮ್, ಲಿಟಲ್ ಲಾಸ್" ಎಂದೆ. ಅವನು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ.

ಹೊರಗೆ ಕಾಯುತ್ತಿದ್ದ ನೀಲಾಳಿಗೆ ಕಾರಿನಲ್ಲಿ ಇದನ್ನು ಹೇಳಿದೆ. ಅದು ಸಾವಿಗೆ ಹೇಳುವ ಸಂತಾಪದ ಮಾತು ಎಂದು ಅವಳು ಬಿಡಿಸಿ ಹೇಳಿದಳು. ನಗಲಿಲ್ಲ, ಅಳಲೂ ಇಲ್ಲ. ದಾರಿಯುದ್ದಕ್ಕೂ ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡು ಮುಂದೆ ನೋಡುತ್ತ ಕಾರು ಓಡಿಸಿದಳು.

ತಂಗಿಯ ಮನೆ

ಅವಳ ಓಣಿಯಲ್ಲಿ ಮನೆಗಳೆಲ್ಲ ಒಂದೇ ಥರ. ಕೆಂಪು ಇಟ್ಟಿಗೆ, ಒಂದೇ ಅಳತೆಯ ಬಾಗಿಲು. ಮೊದಲ ವಾರ ನಾನು ಎರಡು ಸಲ ಬೇರೆಯವರ ಬಾಗಿಲು ಬಡಿದೆ. ನಮ್ಮಲ್ಲಾದರೆ ಕಣ್ಣು ಮುಚ್ಚಿಕೊಂಡು ಬಂದರೂ ಒಗ್ಗರಣೆಯ ವಾಸನೆ, ಕಟ್ಟಿದ ಎಮ್ಮೆ, ಬೈಯುವ ದನಿ, ಇವುಗಳಿಂದಲೇ ನಮ್ಮ ಮನೆ ಗೊತ್ತಾಗುತ್ತದೆ.

ಸಾವಾದ ಮನೆಗೆ ನಮ್ಮಲ್ಲಿ ಜನ ಬರುತ್ತಲೇ ಇರುತ್ತಾರೆ. ಒಲೆ ಹಚ್ಚಲು ಬಿಡುವುದಿಲ್ಲ, ಅಕ್ಕಪಕ್ಕದವರೇ ಅನ್ನ ಸಾರು ತಂದು ಬಲವಂತ ಮಾಡಿ ಉಣಿಸುತ್ತಾರೆ. ಅಲ್ಲಿಯೂ ಪಕ್ಕದ ಮನೆಯವರು ಅಡಿಗೆ ಮಾಡಿ ತಂದಿದ್ದರಂತೆ. ಆದರೆ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಗಂಟೆ ಒತ್ತಿ, ಬಾಗಿಲು ತೆರೆಯುವಷ್ಟರಲ್ಲಿ ಹೊರಟುಹೋಗಿದ್ದರಂತೆ. ದುಃಖದಲ್ಲಿರುವವರಿಗೆ ತೊಂದರೆ ಕೊಡಬಾರದು ಎಂಬುದು ಅವರ ಮರ್ಯಾದೆ. ಅದರಲ್ಲಿ ಮಾಂಸವಿದ್ದದ್ದರಿಂದ ನೀಲಾ ಮುಟ್ಟಿರಲಿಲ್ಲ. ಪಾತ್ರೆ ತೊಳೆದು, ತಾನೂ ಅವರ ಮೆಟ್ಟಿಲ ಮೇಲಿಟ್ಟು ಬಂದಿದ್ದಳು.

ಮನೆಯೊಳಗೆ ಕಾಲಿಟ್ಟಾಗ ಒಂದು ಘಾಟು ವಾಸನೆ ಬಂತು. "ಹಿಂದಿನ ಖೋಲ್ಯಾಗ ಐತಿ, ಬಾ" ಎಂದಳು. ತಂತಿಯ ದೊಡ್ಡ ಗೂಡಿನ ಬಾಗಿಲು ತೆರೆದಿತ್ತು. ಒಳಗೆ ಒಂದು ಹಳೆಯ ನೀಲಿ ಸ್ವೆಟರು. ಅದರ ತೋಳಿನಿಂದ ಬಿಳಿ ತಲೆಯೊಂದು ಹೊರಗೆ ಬಂತು, ಆಮೇಲೆ ಉದ್ದನೆಯ ಕಂದು ಮೈ.

ಫೆರೆಟ್ ಎನ್ನುತ್ತಾರೆ ಅದಕ್ಕೆ. ನಮ್ಮ ಮುಂಗುಲಿಯ ಹಾಗೇ ಕಾಣುತ್ತದೆ, ಇನ್ನೂ ಸಣ್ಣದು, ಮೆತ್ತಗಿನದು. ಆ ದೇಶದಲ್ಲಿ ಹಿಂದಿನಿಂದಲೂ ಇದನ್ನು ಮೊಲ ಹಿಡಿಯಲು ಬಿಲದೊಳಗೆ ಬಿಡುತ್ತಿದ್ದರು. ಈಗ ಬೆಕ್ಕಿನಂತೆ ಮನೆಯಲ್ಲಿ ಸಾಕುವವರೂ ಇದ್ದಾರೆ. ನಮ್ಮ ಅಪ್ಪ ಸಿಂಧನೂರಿನಲ್ಲಿ ಕಾಲುವೆ ಕಚೇರಿಯಲ್ಲಿದ್ದವರು. ನಾವಿಬ್ಬರೂ ಚಿಕ್ಕವರಿದ್ದಾಗ ಭತ್ತದ ಬದುವಿನ ಮೇಲೆ ಮುಂಗುಲಿ ಅಡ್ಡ ಹಾಯ್ದರೆ ಅಂದು ಒಳ್ಳೆಯದಾಗುತ್ತದೆಂದು ಕುಣಿಯುತ್ತಿದ್ದೆವು. ಆ ಸಲುಗೆಯಲ್ಲೇ ಬಾಗಿ ಕೈ ಚಾಚಿದೆ. ಅದು ನನ್ನ ತೋರುಬೆರಳಿಗೆ ಬಾಯಿ ಹಾಕಿ ಜೋತುಬಿದ್ದಿತು.

"ಕೈ ಜಗ್ಗಬ್ಯಾಡ ಅಕ್ಕಾ, ಜಗ್ಗಿದ್ರ ಹರೀತೈತಿ" ಎಂದು ನೀಲಾ ಅದರ ಕುತ್ತಿಗೆಯ ಸಡಿಲ ಚರ್ಮ ಹಿಡಿದು ಎತ್ತಿದಳು. ಬಾಯಿ ಬಿಡಿಸುವ ಹೊತ್ತಿಗೆ ರಕ್ತ ಮೊಣಕೈಗೆ ಇಳಿದಿತ್ತು. ಗಾಯ ತೊಳೆದು ಪಟ್ಟಿ ಕಟ್ಟುತ್ತ ಎಲ್ಲ ಹೇಳಿದಳು.

ಅದೇ ಊರಿನಲ್ಲಿ ಮಾರ್ಗರೆಟ್ ಎಂಬ ಹೆಂಗಸಿದ್ದಾಳೆ. ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸದಿಂದ ನಿವೃತ್ತಳಾದ ಮೇಲೆ, ಜನ ಸಾಕಿ ಬೇಡವೆಂದು ಬಿಟ್ಟ ಫೆರೆಟ್‌ಗಳನ್ನು ತಂದು ಮನೆಯ ಹಿತ್ತಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಹೆಚ್ಚಾದಾಗ ಪರಿಚಯದವರ ಮನೆಗಳಲ್ಲಿ ಇಡುತ್ತಾಳೆ. ಅವರು ಅದನ್ನು ಪಳಗಿಸಬೇಕು, ಪಳಗಿದ ಮೇಲೆ ಹೊಸ ಮನೆಗೆ ಕೊಟ್ಟುಬಿಡಬೇಕು. ತಮ್ಮದೆಂದು ಇಟ್ಟುಕೊಳ್ಳುವಂತಿಲ್ಲ. ರಕ್ತ ಪರೀಕ್ಷೆಗೆಂದು ಬಂದಿದ್ದ ಮಾರ್ಗರೆಟ್ಟಳ ಕೈಮೇಲಿನ ಕಚ್ಚಿದ ಗುರುತು ನೋಡಿ ವೀರಭದ್ರಪ್ಪ ವಿಚಾರಿಸಿದ್ದರು. ಎರಡು ಮನೆಯಲ್ಲಿ ಕಚ್ಚಿ ವಾಪಸು ಬಂದ ಗಂಡು ಫೆರೆಟ್, ಅದಕ್ಕೆ ಸೂಜಿ ಕೊಡಿಸಿ ಸಾಯಿಸುವುದೊಂದೇ ದಾರಿ ಎಂದು ಅವಳು ಹೇಳಿದಾಗ, "ನನಗೆ ಕೊಟ್ಟು ನೋಡಿ" ಎಂದು ಮನೆಗೆ ತಂದಿದ್ದರು. ಹಿಂದಿನ ಮನೆಯವರು ರಾಸ್ಕಲ್ ಎಂದು ಕರೆಯುತ್ತಿದ್ದರಂತೆ. ಅದು ಬೈಗಳು, ಬೇಡ ಎಂದು ಇವರು ಸಣ್ಯಾ ಎಂದು ಕರೆದರು.

"ಪಳಗಿತ್ತೇನು?" ಎಂದೆ.

"ಎಲ್ಲಿ? ಅವರಿಗೂ ಕಚ್ಚತಿತ್ತು. ಇನ್ನೂ ಶುರು ಮಾಡಿದ್ರು ಅಷ್ಟ, ಅರ್ಧಕ್ಕ ಬಿಟ್ಟು ಹೋಗ್ಯಾರ. ಮಾರ್ಗರೆಟ್ ಬಂದು ಒಯ್ಯತೀನಿ ಅಂದ್ಲು. ನಾ ಬ್ಯಾಡ ಅಂದೆ. ಬೇಸಿಗಿ ಮುಗಿಯೂತನಕ ನೋಡೂಣು ಅಂದಾಳ. ಆಮ್ಯಾಲೂ ಕಚ್ಚಿದ್ರ ಅದನ್ನ ಯಾರೂ ಮನಿಗೆ ಕರಕೊಳ್ಳೂದಿಲ್ಲ."

ಊರಿಗೆ ಬಾ ಎಂಬ ಮಾತನ್ನು ನಾನು ಅಂದು ಎತ್ತಲಿಲ್ಲ.

ಅಡಿಗೆಮನೆ

ಈ ಪ್ರಾಣಿ ಹಾಲು, ಅನ್ನ, ರೊಟ್ಟಿ ತಿನ್ನುವುದಿಲ್ಲ. ಮಾಂಸ ಬಿಟ್ಟರೆ ಅದಕ್ಕೆ ಬದುಕಿಲ್ಲ. ನಾವು ಲಿಂಗ ಕಟ್ಟಿದವರು. ಮೊಟ್ಟೆ ಕೂಡ ನಮ್ಮ ಹೊಸಿಲು ದಾಟಿದ್ದಿಲ್ಲ. ವೀರಭದ್ರಪ್ಪ ಅದಕ್ಕಾಗಿ ಬೇರೆ ಚಾಕು, ಬೇರೆ ಹಲಗೆ, ಬೇರೆ ಬಟ್ಟಲು ಇಟ್ಟು, ಹಿತ್ತಿಲ ಬಾಗಿಲಲ್ಲಿ ಕೂತು ಕೋಳಿಯ ತುಂಡು ಕತ್ತರಿಸಿ ಹಾಕಿ, ಸ್ನಾನ ಮಾಡಿ ಪೂಜೆಗೆ ಕೂಡುತ್ತಿದ್ದರಂತೆ. ಈಗ ನೀಲಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನೇ ಮಾಡುತ್ತಿದ್ದಳು. ನಾನು ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

ಒಂದು ದಿನ ಅವಳಿಗೆ ಆಸ್ಪತ್ರೆಯಲ್ಲಿ ಎರಡನೆಯ ಪಾಳಿಯೂ ಬಂತು. ಫೋನ್ ಮಾಡಿ, "ಅಕ್ಕಾ, ಅದು ಮುಂಜಾನಿಯಿಂದ ಉಪವಾಸ ಐತಿ. ಅದಕ್ಕ ಬಾಳ ಹೊತ್ತು ಹಸಿವು ತಡಿಯೂದಿಲ್ಲ. ನಿನಗ ಹಾಕು ಅಂತ ನಾ ಹ್ಯಾಂಗ ಹೇಳಲಿ" ಎಂದು ಇಟ್ಟುಬಿಟ್ಟಳು.

ನಾನು ಬಹಳ ಹೊತ್ತು ಅಡಿಗೆಮನೆಯಲ್ಲಿ ನಿಂತಿದ್ದೆ. ಗೂಡಿನೊಳಗೆ ಅದು ಸ್ವೆಟರಿನ ತೋಳು ಕಡಿಯುತ್ತಿತ್ತು. ಎಷ್ಟು ಕಚ್ಚಿದರೂ ಅದು ಬಾಯಿಲ್ಲದ ಜೀವ, ಹಸಿದಿತ್ತು. ಕೊನೆಗೆ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಲ್ಲಿ ಭದ್ರವಾಗಿ ಮುಚ್ಚಿಕೊಂಡು, ಫ್ರಿಜ್ ತೆರೆದೆ. ಕೋಳಿಯ ತುಂಡು ಕತ್ತರಿಸಿ ಬಟ್ಟಲಿಗೆ ಹಾಕಿದೆ. ಬಟ್ಟಲು ಮುಂದಿಟ್ಟಾಗ ಅದು ತಿಂದ ಆತುರ ನೋಡಿ, ಮೊದಲೇ ಹಾಕಬೇಕಿತ್ತು ಎನಿಸಿತು. ಆಮೇಲೆ ತಣ್ಣೀರಿನಲ್ಲೇ ತಲೆಗೆ ಸ್ನಾನ ಮಾಡಿದೆ. ಮರುದಿನದಿಂದ ಅದರ ಊಟ ನನ್ನ ಪಾಲಿಗೆ ಬಂತು. ಯಾರೂ ಹೇಳಲಿಲ್ಲ, ನಾನೇ ತೆಗೆದುಕೊಂಡೆ.

ಹಿಂದಿನ ಕೋಣೆ

ನೀಲಾ ಕೆಲಸಕ್ಕೆ ಹೋದ ಮೇಲೆ ಅದನ್ನು ಹೊರಗೆ ಬಿಡುತ್ತಿದ್ದೆ. ದಿನದ ಬಹುಪಾಲು ನಿದ್ದೆ. ಎಚ್ಚರವಿದ್ದಾಗ ಕಳ್ಳತನ: ಕಾಲುಚೀಲ, ಚಮಚ, ನನ್ನ ಹೇರ್‌ಪಿನ್ನು, ಎಲ್ಲವನ್ನೂ ಎಳೆದೊಯ್ದು ಮಂಚದ ಕೆಳಗೆ ಕೂಡಿಡುತ್ತಿತ್ತು. ಕರೆದರೆ ಬರುತ್ತಿರಲಿಲ್ಲ. ಹಿಂದಿನಿಂದ ಮುಟ್ಟಿದರೆ ತಿರುಗಿ ಕಚ್ಚುತ್ತಿತ್ತು.

ಒಂದು ಮಧ್ಯಾಹ್ನ ಅದು ಅಡಿಗೆಮನೆಯ ಮೇಜಿನ ಕೆಳಗೆ ಬಿಸಿಲು ಬಿದ್ದ ಕಡೆ ಮಲಗಿತ್ತು. ನಾನು ರೊಟ್ಟಿ ಹಿಟ್ಟು ನಾದಿದ ಸ್ಟೀಲಿನ ಪರಾತ ತೊಳೆದು ಇಡುವಾಗ ಕೈಜಾರಿ ಸಿಂಕಿನಲ್ಲಿ ಬಿತ್ತು. ಆ ಸದ್ದಿಗೆ ನನ್ನ ಎದೆಯೇ ಝಲ್ಲೆಂದಿತು. ಸಣ್ಯಾ ಮಾತ್ರ ಕಿವಿ ಕೂಡ ಅಲುಗಿಸಲಿಲ್ಲ. ಸತ್ತುಹೋಯಿತೇನೋ ಎಂದು ಬಾಗಿ ನೋಡಿದೆ, ಹೊಟ್ಟೆ ಏರಿಳಿಯುತ್ತಿತ್ತು. ಚಪ್ಪಾಳೆ ತಟ್ಟಿದೆ. ಕೂಗಿದೆ. ಪರಾತವನ್ನೂ ಚಮಚವನ್ನೂ ಅದರ ತಲೆಯ ಹತ್ತಿರವೇ ಬಡಿದೆ. ಏನೂ ಇಲ್ಲ. ಗಾಬರಿಯಾಗಿ ಎದ್ದು ಹಿಂದೆ ಸರಿದಾಗ ನನ್ನ ಕಾಲು ಹಲಗೆಯ ನೆಲಕ್ಕೆ ಜೋರಾಗಿ ಬಡಿಯಿತು. ಅದು ತಟ್ಟನೆ ತಲೆಯೆತ್ತಿತು.

ಸಂಜೆ ನೀಲಾ ಬಂದ ಮೇಲೆ ಮತ್ತೆ ಮಾಡಿ ತೋರಿಸಿದೆ. ಅವಳು ಕೋಟು ಕೂಡ ಬಿಚ್ಚದೆ ನೆಲದ ಮೇಲೆ ಕೂತು ನೋಡಿದಳು.

"ಅಕ್ಕಾ, ಇದಕ್ಕ ಕಿವಿ ಕೇಳೂದಿಲ್ಲ" ಎಂದಳು.

"ಹೂಂ."

"ಅದಕ್ಕ ಕಚ್ಚತೈತಿ. ಬಂದದ್ದು ಗೊತ್ತಾಗೂದಿಲ್ಲ, ಒಮ್ಮಿಗೇ ಕೈ ಮೈಮ್ಯಾಲೆ ಬೀಳತೈತಿ."

ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ಬದಲಾಯಿತು.

"ಅವರು ದಿನಾ ಸಂಜಿಮುಂದ ಇದರ ಜೋಡಿ ಮಾತಾಡಕೋಂತ ಕುಂದರತಿದ್ರು. ನನಗ ಹೇಳಲಾರದ್ದನ್ನೆಲ್ಲಾ ಇದಕ್ಕ ಹೇಳತಿದ್ರು. ಇಲ್ಲಿ ಸಾಕಾಗೇತಿ ಅಂತ, ಲಿಂಗಸುಗೂರಾಗ ಒಂದು ಸಣ್ಣ ಲ್ಯಾಬ್ ಇಡೂಣು ಅಂತ, ನೀಲಾ ಒಪ್ಪತಾಳೋ ಇಲ್ಲೋ ಅಂತ. ನಾ ಇಲ್ಲಿ ಒಲಿ ಮುಂದ ನಿಂತು ಕೇಳತಿದ್ದೆ. ಕೇಳೇನಿ ಅಂತ ಒಂದ ದಿನಾನೂ ಅವರಿಗೆ ಹೇಳಲಿಲ್ಲ." ಸಣ್ಯಾನ ಕಡೆ ಬೆರಳು ತೋರಿಸಿದಳು. "ಇದು ಏನೂ ಕೇಳಿಸ್ಕೊಂಡಿಲ್ಲ ಅಕ್ಕಾ. ಕೇಳಿಸ್ಕೊಂಡಾಕಿ ನಾ ಒಬ್ಬಾಕೇ."

ನಾನು ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಕೋಟು ತೊಟ್ಟುಕೊಂಡೇ, ಮೇಜಿನ ಕಾಲಿಗೆ ಒರಗಿ ಅತ್ತಳು. ಸಣ್ಯಾ ಅವಳ ಬೂಟಿನ ದಾರ ಎಳೆಯುತ್ತಿತ್ತು. ನಾನು ಅವಳ ತಲೆ ಹಿಡಿದುಕೊಂಡು ಕೂತೆ.

ಮಾರ್ಗರೆಟ್ ಬಂದು ನೋಡಿ, ತಲೆ ಬಿಳಿಯಿರುವ ಫೆರೆಟ್‌ಗಳಲ್ಲಿ ಕಿವುಡು ಹೆಚ್ಚು, ಹೇಳಿದ ಮಾತು ಕೇಳದು ಎಂದು ಹಿಂದಿನವರು ಮೂತಿಗೆ ಹೊಡೆದಿರಬೇಕು ಎಂದಳು. ಆಮೇಲೆ ಹೊಸ ರೀತಿಯಲ್ಲಿ ಶುರುಮಾಡಿದೆವು. ಹತ್ತಿರ ಹೋಗುವ ಮೊದಲು ಅಂಗೈಯಿಂದ ನೆಲ ತಟ್ಟುವುದು. ಅದು ತಿರುಗಿ ನೋಡಿದ ಮೇಲೆ ಕೈಯನ್ನು ಮೂಗಿನ ಮುಂದೆ ಇಡುವುದು. ಮೇಲಿನಿಂದ ಹಿಡಿಯದೆ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತುವುದು. ಮುಂಗೈಗೆ ಮೀನಿನ ಎಣ್ಣೆ ಸವರಿದರೆ ನೆಕ್ಕುತ್ತದೆ. ನೆಕ್ಕುವುದು ರೂಢಿಯಾದರೆ ಕಚ್ಚುವುದು ಕಡಿಮೆಯಾಗುತ್ತದೆ. ಮೀನಿನ ಎಣ್ಣೆಯನ್ನೂ ಸವರಿಕೊಂಡೆ. ಅಷ್ಟು ದೂರ ಬಂದಾಗಿತ್ತು.

ದಿನ ದಿನಕ್ಕೆ ಸುಧಾರಿಸಿತು ಎಂದು ಹೇಳಲಾರೆ. ವಾರವೆಲ್ಲ ಚೆನ್ನಾಗಿದ್ದು ಒಂದು ದಿನ ಪಟ್ಟನೆ ಕಚ್ಚುತ್ತಿತ್ತು. ಒಮ್ಮೆ ಪಾಳಿ ಮುಗಿಸಿ ಸುಸ್ತಾಗಿ ಬಂದ ನೀಲಾ ನೆಲ ತಟ್ಟುವುದನ್ನು ಮರೆತು ಎತ್ತಿಕೊಂಡಳು. ಅದು ಗದ್ದ ಹಿಡಿಯಿತು. ಅವಳು ರಕ್ತ ಒರೆಸಿಕೊಂಡು ಸೀದಾ ಫೋನಿನ ಹತ್ತಿರ ಹೋಗಿ, ಒಯ್ದುಬಿಡಿ ಎಂದು ಮಾರ್ಗರೆಟ್ಟಳಿಗೆ ಹೇಳಿದಳು. ತಡೆಯಲು ನನಗೇನು ಅಧಿಕಾರ?

ಮಾರ್ಗರೆಟ್ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಸಣ್ಯಾ ಗೂಡಿನಿಂದ ಇಳಿದು ನೀಲಾಳ ಮುಂದೆ ನಿಂತು, ಬೆನ್ನು ಬಾಗಿಸಿ, ನಾಲ್ಕೂ ಕಾಲಿನ ಮೇಲೆ ಅಡ್ಡಡ್ಡ ಜಿಗಿಯತೊಡಗಿತು. ಬಾಯಿಂದ ಹೇಂಟೆಯಂತೆ ಗುಟುಗುಟು ಸದ್ದು. ನಾನು ಹುಚ್ಚು ಹಿಡಿಯಿತೆಂದುಕೊಂಡೆ. ಮಾರ್ಗರೆಟ್ ಏನೋ ಹೇಳಿದಳು. ನೀಲಾ ನಿಂತಲ್ಲೇ ನಿಂತುಬಿಟ್ಟಳು.

"ಏನಂತ?" ಎಂದೆ.

"ಖುಷಿ ಆದಾಗ ಹಂಗ ಕುಣಿತಾವಂತ. ನನ್ನ ಆಟಕ್ಕ ಕರ್ಯಾಕತ್ತೇತಂತ."

ಅದು ಆ ಮನೆಯಲ್ಲಿ ಹಾಗೆ ಕುಣಿದದ್ದು ಅದೇ ಮೊದಲು. ವೀರಭದ್ರಪ್ಪ ಅದನ್ನು ನೋಡಿರಲಿಲ್ಲ. ಮಾರ್ಗರೆಟ್ ಒಂದು ಕಪ್ ಚಹಾ ಕುಡಿದು, ಖಾಲಿ ಪೆಟ್ಟಿಗೆ ಹಿಡಿದುಕೊಂಡು ಹಿಂದಿರುಗಿದಳು.

ಗುಡ್ಡದ ಮೇಲೆ

ಮಣ್ಣಾದ ಮೇಲೆ ನೀಲಾ ಗಂಡನ ಸಮಾಧಿಯ ಕಡೆ ಹೋಗಿರಲಿಲ್ಲ. ಒಂದು ರವಿವಾರ ತಾನಾಗಿ, "ನಡಿ ಹೋಗಿ ಬರೂಣು" ಎಂದಳು.

ಊರ ಹೊರಗಿನ ಗುಡ್ಡ. ಅಲ್ಲಿನ ಜನ ಸ್ಮಶಾನವನ್ನು ಉದ್ಯಾನದ ಹಾಗೆ ಇಟ್ಟುಕೊಂಡಿದ್ದಾರೆ. ಬೆಂಚುಗಳ ಮೇಲೆ ಸತ್ತವರ ಹೆಸರು ಕೆತ್ತಿದೆ. ಅದರ ಮೇಲೆಯೇ ಕೂತು ಬುತ್ತಿ ಬಿಚ್ಚಿ ತಿನ್ನುತ್ತಾರೆ, ನಾಯಿಗಳನ್ನು ಅಡ್ಡಾಡಿಸುತ್ತಾರೆ. ಒಬ್ಬ ಮುದುಕ ಹೆಂಡತಿಯ ಕಲ್ಲಿನ ಹತ್ತಿರ ಮಡಚುವ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ. ನಮ್ಮಲ್ಲಿ ಆ ಕಡೆ ಹೋದರೆ ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ಮೊದಲು ಮೈ ಜುಂ ಎಂದರೂ, ಆ ಮುದುಕನನ್ನು ನೋಡುತ್ತ ನೋಡುತ್ತ ಅದೂ ಸರಿಯೇ ಅನಿಸಿತು.

ವೀರಭದ್ರಪ್ಪನ ಕಲ್ಲು ಇನ್ನೂ ನಿಲ್ಲಿಸಿರಲಿಲ್ಲ. ಹುಲ್ಲು ಇನ್ನೂ ಸರಿಯಾಗಿ ಬೆಳೆಯದ ಜಾಗ, ಹೆಸರು ಬರೆದ ಸಣ್ಣ ಹಲಗೆ. ನಾನು ಹಲಗೆಗೆ ವಿಭೂತಿ ಹಚ್ಚಿದೆ. ಗಾಳಿಗೆ ಅರ್ಧ ಹಾರಿಹೋಯಿತು.

"ಊರಿಗೆ ನಡಿ ನೀಲಾ" ಎಂದೆ. ಅಷ್ಟು ದಿನ ತಡೆದಿಟ್ಟುಕೊಂಡ ಮಾತು. "ಎಲ್ಲಾರೂ ಹಾದಿ ನೋಡಾಕತ್ತಾರ."

ಅವಳು ಹಲಗೆಯ ಮೇಲಿನ ಹೆಸರನ್ನು ಬೆರಳಿನಿಂದ ಒರೆಸಿದಳು. "ನಾ ಬರೂದಿಲ್ಲ ಅಕ್ಕಾ. ಊರಿಗೆ ಬರೂ ಆಸೆ ಅವರದಿತ್ತು. ಅವರಿದ್ದಾಗ ಕೇಳಿನೂ ಹೂಂ ಅನ್ನಲಿಲ್ಲ, ಈಗ ಅವರನ್ನ ಇಲ್ಲಿ ಬಿಟ್ಟು ನಾ ಒಬ್ಬಾಕಿ ಹೋಗಿ ಅಲ್ಲಿ ಹ್ಯಾಂಗ ಕುಂದರಲಿ? ನನ್ನ ಮ್ಯಾಲೆ ಸಿಟ್ಟಾಗಬ್ಯಾಡ."

ಸಿಟ್ಟು ಬಂದಿತ್ತು, ನಿಜ. ಆದರೆ ಆ ಗಾಳಿಯಲ್ಲಿ ನಿಂತ ಅವಳನ್ನು ನೋಡಿದಾಗ ಅದನ್ನು ಅವಳ ಮೇಲೆ ತೋರಿಸಲಾಗಲಿಲ್ಲ. ಇಳಿಯುವಾಗ ನನ್ನ ಶಾಲಿನ ಅರ್ಧ ಅವಳಿಗೆ ಹೊದಿಸಿದೆ.

ಮುಂಬಾಗಿಲು

ಬೇಸಿಗೆ ಮುಗಿಯುವ ಹೊತ್ತಿಗೆ ಸಣ್ಯಾ ಕಚ್ಚುವುದನ್ನು ಬಿಟ್ಟಿತ್ತು. ನೆಲ ತಟ್ಟಿದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ನನ್ನ ಮಡಿಲಲ್ಲಿ ನಿದ್ದೆ ಹೋಗುತ್ತಿತ್ತು, ನೀಲಾಳ ಕುತ್ತಿಗೆಯ ಸುತ್ತ ಮಲಗಿ ಟೀವಿ ನೋಡುತ್ತಿತ್ತು. ಹಾಗೆ ಆದ ದಿನದಿಂದಲೇ ನಮಗಿಬ್ಬರಿಗೂ ಗೊತ್ತಿತ್ತು, ಇನ್ನು ಅದನ್ನು ಕೊಡಬೇಕು.

ಮಾರ್ಗರೆಟ್ ಹುಡುಕಿದ ಮನೆ ಟೆರ್ರಿ ಎಂಬುವನದು. ಶಾಲೆಯೊಂದರ ಕಾವಲುಗಾರ, ದಪ್ಪನೆಯ ಮನುಷ್ಯ, ಹುಟ್ಟಿದಾಗಿನಿಂದ ಫೆರೆಟ್‌ಗಳ ಜೊತೆ ಬೆಳೆದವನು. ಮರದ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿಕೊಂಡು ತಂದಿದ್ದ. ಮಾರ್ಗರೆಟ್ ಹೇಳಿಕೊಟ್ಟಂತೆ ಮಂಡಿಯೂರಿ, ನೆಲ ತಟ್ಟಿ, ಕೈ ಮುಂದಿಟ್ಟು ಕಾದ. ಸಣ್ಯಾ ಮೂಸಿತು, ಅವನ ಬೆರಳು ನೆಕ್ಕಿತು, ನೇರವಾಗಿ ಪೆಟ್ಟಿಗೆಯೊಳಗೆ ಹೋಯಿತು. ನಮ್ಮ ಕಡೆ ತಿರುಗಿ ಕೂಡ ನೋಡಲಿಲ್ಲ. ಅದಕ್ಕಾಗಿಯೇ ಅಷ್ಟು ದಿನ ದುಡಿದಿದ್ದೆವು. ಆದರೂ ನನಗೆ ತಡೆಯಲಾಗದೆ ಗೋಡೆಯ ಕಡೆ ತಿರುಗಿದೆ.

"ಇಷ್ಟು ಚೆನ್ನಾಗಿ ಪಳಗಿಸಿದವರು ಯಾರು?" ಎಂದು ಟೆರ್ರಿ ಕೇಳಿದನಂತೆ.

"ನನ್ನ ಗಂಡ ಶುರುಮಾಡಿದ್ದರು" ಎಂದಳು ನೀಲಾ. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಮಾತು ಸೇರಿಸಿದಳು. ಅದು ನನಗೂ ತಿಳಿಯಿತು. ಅವರು ತೀರಿಕೊಂಡರು. ಫೋನಿನಲ್ಲಿ ನನಗೆ ಹೋದರು ಎಂದಿದ್ದಳು. ಆಸ್ಪತ್ರೆಯಲ್ಲಿ ಸುದ್ದಿ ತಿಳಿಯದ ರೋಗಿಗಳು ಕೇಳಿದರೆ ರಜೆಯಲ್ಲಿದ್ದಾರೆ ಎಂದೂ ಹೇಳಿದ್ದಳಂತೆ. ಈಗ ಗುರುತಿಲ್ಲದ ಮನುಷ್ಯನ ಮುಂದೆ ಬಾಗಿಲಲ್ಲಿ ನಿಂತು ನೆಟ್ಟಗೆ ಹೇಳಿದಳು. ಟೆರ್ರಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮಾರ್ಗರೆಟ್ ಅಳುಕುತ್ತಲೇ ಇನ್ನೊಂದು ಮಾತು ಹೇಳಿದಳು. ಹೊಸ ಜಾಗದಲ್ಲಿ ಹೆದರದಿರಲು ಅದರ ಹಾಸಿಗೆ ಜೊತೆಗಿದ್ದರೆ ಒಳ್ಳೆಯದು. ಹಾಸಿಗೆ ಎಂದರೆ ವೀರಭದ್ರಪ್ಪನ ನೀಲಿ ಸ್ವೆಟರು. ಅವರ ಬಾಕಿ ಬಟ್ಟೆಗಳನ್ನೆಲ್ಲ ನೀಲಾ ಆಸ್ಪತ್ರೆಯ ಗೆಳತಿಯರ ಒತ್ತಾಯಕ್ಕೆ ತೊಳೆದು ದಾನ ಕೊಟ್ಟಿದ್ದಳು. ತೊಳೆಯದೆ ಉಳಿದದ್ದು ಅದೊಂದೇ.

ಅವಳು ಒಳಗೆ ಹೋಗಿ ಸ್ವೆಟರು ಹಿಡಿದುಕೊಂಡು ನಿಂತಳು. ನಾನು ಹಿಂದೆಯೇ ಹೋಗಿ ಮೆಲ್ಲಗೆ, "ಕತ್ತರಿ ಕೊಡಲೇನು? ಅರ್ಧಾ ಇಟ್ಟುಕೋ" ಎಂದೆ.

"ಬ್ಯಾಡ. ಅರ್ಧಾ ಮಾಡಿದ್ರ ಇಬ್ಬರಿಗೂ ಸಾಲೂದಿಲ್ಲ."

ಒಮ್ಮೆ ಮುಖಕ್ಕೆ ಒತ್ತಿಕೊಂಡಳು. ಹೊರಗೆ ಬಂದು ಪೆಟ್ಟಿಗೆಯೊಳಗೆ ಅದನ್ನು ಹಾಸಿದಳು. ಸಣ್ಯಾ ತೋಳಿನೊಳಗೆ ನುಸುಳಿಕೊಂಡಿತು. ಟೆರ್ರಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಮೆಟ್ಟಿಲಿಳಿದ. ಆ ದಿನ ಮನೆಯಲ್ಲಿ ನಾವಿಬ್ಬರೂ ಎಲ್ಲಿ ಕೂತರೂ ನೆಲ ಖಾಲಿ ಖಾಲಿ ಕಾಣುತ್ತಿತ್ತು.

ವಾರದ ಮೇಲೆ ನಾನು ವಿಮಾನ ಹತ್ತಿದೆ, ಒಬ್ಬಳೇ.

ಲಿಂಗಸುಗೂರು

ಮಸ್ಕಿಗೆ ಬಂದ ಮೂರ್ನಾಲ್ಕು ದಿನಕ್ಕೆ ಲಿಂಗಸುಗೂರಿನ ಬಸ್ಸು ಹಿಡಿದೆ. ವೀರಭದ್ರಪ್ಪನ ತಾಯಿ ಗೌರಮ್ಮ ಅಲ್ಲಿ ಹಿರಿಯ ಮಗನ ಸಂಸಾರದ ಜೊತೆ, ಅವರ ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿದ್ದಾರೆ. ಮೊಮ್ಮಕ್ಕಳು ಶಾಲೆಗೆ ಹೋಗಿದ್ದರು, ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಗೌರಮ್ಮ ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡರು. ನೀಲಾ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದು ಬೇರೆ.

"ಶರಣವ್ವಾ, ಖರೇ ಹೇಳು. ಅವನ್ನ ಕುಂದರಿಸಿ ಮಣ್ಣ ಕೊಟ್ರೋ, ಮಲಗಿಸಿದ್ರೋ?"

ನಮ್ಮಲ್ಲಿ ಸತ್ತವರನ್ನು ಪೂಜೆಗೆ ಕೂತ ಹಾಗೆ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುತ್ತೇವೆ. ಅಲ್ಲಿ ಅದಕ್ಕೆ ಅವಕಾಶವಾಗಿರಲಿಲ್ಲ. ಅವರ ಕಣ್ಣು ನನ್ನ ಮುಖದಲ್ಲೇ ಇತ್ತು, ಸುಳ್ಳು ಹೇಳಲಾಗಲಿಲ್ಲ.

"ಮಲಗಿಸ್ಯಾರ, ಅತ್ತಿ. ಪೆಟಿಗ್ಯಾಗ. ಲಿಂಗಾ ಕೈಯಾಗ ಇಟ್ಟಾರ."

ಅವರು ಬಹಳ ಹೊತ್ತು ಚಾಪೆಯ ಅಂಚು ಸವರುತ್ತಿದ್ದರು. "ಮಲಕೊಂಡಾನಂದ್ರ ಮಲಕೊಳ್ಳಲಿ" ಎಂದರು ಕೊನೆಗೆ. "ಮಣ್ಣ ಹೆಂಗೈತಿ ಅಲ್ಲಿ?"

"ಕರೇದು. ನಮ್ಮ ಎರಿ ಹೊಲದ ಮಣ್ಣಿನಂಗ."

ತಲೆ ಆಡಿಸಿದರು. ಮಗ ಕೊನೆಯ ದಿನಗಳಲ್ಲಿ ಏನು ಮಾಡುತ್ತಿದ್ದ ಎಂದು ಕೇಳಿದರು. ನಾನು ಸಣ್ಯಾನ ಕಥೆ ಹೇಳಿದೆ. ಮಾಂಸ ಕತ್ತರಿಸಿ ಹಾಕುತ್ತಿದ್ದುದನ್ನು ಬಿಡಬೇಕೆಂದುಕೊಂಡಿದ್ದೆ, ಆದರೆ ಅದೂ ಬಾಯಿಗೆ ಬಂತು. ಸೊಸೆ ಒಲೆಯ ಮುಂದೆ ಕೈ ನಿಲ್ಲಿಸಿ ಇತ್ತ ನೋಡಿದಳು. ಗೌರಮ್ಮ ಮಾತ್ರ, "ಅದರ ಆಹಾರಾನ ಅದು. ಹಾಕದ ಏನ್ ಮಾಡ್ಯಾನು" ಎಂದರು.

ಆಮೇಲೆ ಕೇಳಿದರು, "ಅವಗೂ ಕಚ್ಚತಿತ್ತೇನು?"

"ಬಾಳ ಕಚ್ಚೇತಂತ, ಅತ್ತಿ."

ಅವರು ಸೆರಗನ್ನು ಎದೆಯ ಮೇಲೆ ಎಳೆದುಕೊಂಡರು. "ಹಲ್ಲ ಬರೂಮುಂದ ಹಾಲ ಕುಡಕೋಂತ ಅಂವಾ ನನಗ ಹಂಗ ಕಚ್ಚತಿದ್ದ" ಎಂದರು. "ಕಣ್ಣಾಗ ನೀರ ಬರತಿದ್ವು. ನಮ್ಮತ್ತಿ, ಒಂದು ಏಟ ಕೊಡು, ಬಿಡತಾನ ಅಂತಿದ್ಲು. ನಾ ಕೊಡಲಿಲ್ಲ."

ಸೊಸೆ ತಾಟು ತಂದು ನನ್ನ ಮುಂದಿಟ್ಟಳು. ಗೌರಮ್ಮ ತಾವೇ ರೊಟ್ಟಿ ಮುರಿದು, ಪಲ್ಯ ಹಾಕಿ, ನಾನು ಉಣ್ಣುವ ತನಕ ಎದುರಿಗೇ ಕೂತಿದ್ದರು.